ಹಳೆಯ ಸ್ಕ್ಯಾನ್ ಕೈಗೆ ಸಿಗಬೇಕಾದರೆ

ಪಾವಗಡ ಸೀಮೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಗೆರೆ ಲೀಟರಿಗೆ 1.5 ಮಿಲಿಗ್ರಾಂ, ಅದನ್ನು ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದವರ ಮೂಳೆ ಎಕ್ಸ್‌ರೇಯಲ್ಲಿ ಮಾಮೂಲಿಗಿಂತ ಬೆಳ್ಳಗೆ ಕಾಣಬಹುದು, ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆಯಲ್ಲಿ ಸುಣ್ಣ ಕಟ್ಟಿರಬಹುದು. ಇದು ನಿಧಾನದ ಕಾಯಿಲೆ. ಬೆನ್ನು ಇನ್ನಷ್ಟು ಬಿಗಿಯುತ್ತಿದೆಯೋ, ಇದ್ದಲ್ಲೇ ನಿಂತಿದೆಯೋ ಎಂದು ಹೇಳಲು ಇವತ್ತಿನ ಚಿತ್ರದ ಪಕ್ಕ ಹಳೆಯದೊಂದು ಬೇಕು. ಆದರೆ 2002ರ ವೈದ್ಯಕೀಯ ಮಂಡಳಿ ನಿಯಮದಂತೆ ಒಳರೋಗಿಯ ದಾಖಲೆ ಇಡಬೇಕಾದದ್ದು ಚಿಕಿತ್ಸೆ ಶುರುವಾದಂದಿನಿಂದ 3 ವರ್ಷ. ರೋಗದ ನಡಿಗೆಗೂ ಈ ಗಡುವಿಗೂ ತಾಳಮೇಳವಿಲ್ಲ.

ಫಿಲಂ ಮನೆಯಲ್ಲೇ ಇದೆಯಲ್ಲ, ಅದು ಸಾಲದೆ ಎನ್ನಬಹುದು. ಸಿ.ಟಿ. ಯಂತ್ರ ಒಂದೊಂದು ಬಿಂದುವಿನಲ್ಲೂ ಸಾಮಾನ್ಯವಾಗಿ 4,096 ಬೂದು ಮಟ್ಟಗಳನ್ನು ಗುರುತಿಸುತ್ತದೆ. ಫಿಲಂಗೆ ಇಳಿಯುವುದು ಅದರಲ್ಲಿ ಆಯ್ದ ಒಂದು ಪಟ್ಟಿ ಮಾತ್ರ: ಮೂಳೆ ಚೆನ್ನಾಗಿ ಕಾಣುವಂತೆ ಮುದ್ರಿಸಿದರೆ ಶ್ವಾಸಕೋಶದ ಸೂಕ್ಷ್ಮ ಅಳಿಸಿಹೋಗುತ್ತದೆ. ಅದನ್ನು ಮೊಬೈಲಿನಲ್ಲಿ ಫೋಟೊ ಹೊಡೆದು ವಾಟ್ಸ್‌ಆ್ಯಪ್‌ಗೆ ಹಾಕಿದರೆ ಉಳಿದದ್ದೂ ಸವೆಯುತ್ತದೆ. ತುರ್ತಿಗೆ ಅದೂ ಆದೀತು, ಹೋಲಿಕೆಗೆ ಆಗದು. ಮೂಲ ಕಡತವನ್ನೇ ಇಡಲು ಜಾಗ ಎಲ್ಲಿದೆ ಎಂಬ ತಕರಾರಿಗೆ ಲೆಕ್ಕವೇ ಉತ್ತರ. 512 ಅಡ್ಡ, 512 ಉದ್ದ, ಬಿಂದುವಿಗೆ 2 ಬೈಟ್: ಒಂದು ಪದರಕ್ಕೆ ಅರ್ಧ ಎಂ.ಬಿ. 400 ಪದರದ ಸ್ಕ್ಯಾನ್ 200 ಎಂ.ಬಿ. ಒಂದು ಚುಕ್ಕೆಯೂ ಕಳೆಯದಂತೆ ಅದುಮಿದರೆ ಇನ್ನೂ ಕಡಿಮೆ. ಸಿನಿಮಾ ತುಂಬಿಕೊಂಡ ಫೋನುಗಳ ಕಾಲದಲ್ಲಿ ಇದು ದೊಡ್ಡ ಹೊರೆಯೇನಲ್ಲ.

ಕಷ್ಟ ಇರುವುದು ಹುಡುಕುವುದರಲ್ಲಿ. 1993ರಿಂದ ಬಳಕೆಯಲ್ಲಿರುವ ಡೈಕಾಂ ಮಾನದಂಡದಲ್ಲಿ ಚಿತ್ರದ ಕಡತದೊಳಗೇ ರೋಗಿಯ ಹೆಸರು, ಸಂಖ್ಯೆ, ತಾರೀಖು ಕೂತಿರುತ್ತವೆ. ಆದರೆ ಸಿದ್ದರಬೆಟ್ಟದ ಸುತ್ತ ಸಿದ್ದಪ್ಪ, ಸಿದ್ದಲಿಂಗಯ್ಯ, ಸಿದ್ದಗಂಗಮ್ಮನವರಿಗೆ ಬರವೇ? ಇಂಗ್ಲಿಷಿನಲ್ಲಿ ಬರೆಯುವಾಗ ಮಧುಗಿರಿಯಲ್ಲಿ ಒಂದು ‘ಡಿ’, ತುಮಕೂರಿನಲ್ಲಿ ಎರಡು ‘ಡಿ’ ಬಿದ್ದರೆ ಕಂಪ್ಯೂಟರಿಗೆ ಅವರು ಬೇರೆ ಬೇರೆ ಆಸಾಮಿಗಳು. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಜನವರಿ 1 ಎಂದು ಬರೆಯುವ ನಮ್ಮ ರೂಢಿ ಬೇರೆ! ಚಿತ್ರ ಸರ್ವರಿನಲ್ಲಿದ್ದೂ ಇಲ್ಲದಂತೆಯೇ. 2021ರಲ್ಲಿ ದೇಶವ್ಯಾಪಿಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ 14 ಅಂಕಿಯ ಆಭಾ ಸಂಖ್ಯೆ ಈ ಗೊಂದಲ ಬಿಡಿಸಬಲ್ಲದು, ಸ್ಕ್ಯಾನ್ ತೆಗೆಯುವ ಕ್ಷಣದಲ್ಲೇ ಅದನ್ನು ನಮೂದಿಸಿದರೆ. ಗುಟ್ಟು ರಟ್ಟಾಗದೆ ಎಂಬ ಅಳುಕು ಸುಳ್ಳಲ್ಲ. ಈ ವ್ಯವಸ್ಥೆಯಲ್ಲಿ ದಾಖಲೆ ಆಯಾ ಆಸ್ಪತ್ರೆಯಲ್ಲೇ ಉಳಿದು, ರೋಗಿ ಒಪ್ಪಿದಾಗಷ್ಟೇ ಆಚೆ ಹೋಗಬೇಕು. ಒಪ್ಪಿಗೆಯ ಆ ಪ್ರಶ್ನೆಯನ್ನು ಕೌಂಟರಿನಲ್ಲಿ ಕನ್ನಡದಲ್ಲಿ ಕೇಳಿದರೆ ಮಾತ್ರ ಅದಕ್ಕೆ ಅರ್ಥ. ಇನ್ನು, ಆಸ್ಪತ್ರೆ ಸಾಫ್ಟ್‌ವೇರ್ ಬದಲಿಸುವಾಗ ಹಳೆಯ ಚಿತ್ರಗಳೆಲ್ಲ ಡೈಕಾಂ ರೂಪದಲ್ಲೇ, ಕಡತಗಳು ಕೆಟ್ಟಿಲ್ಲವೆಂದು ತಾಳೆ ನೋಡಿ, ಹೊಸದಕ್ಕೆ ದಾಟಬೇಕು. ಈ ಷರತ್ತು ಯಂತ್ರ ಕೊಳ್ಳುವ ಟೆಂಡರಿನಲ್ಲೇ ಇರಬೇಕು, ಗುತ್ತಿಗೆ ಮುಗಿದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.