ಹೆಸರು ಬದಲಾದ ದೈತ್ಯ ಇರುವೆ

ನಮ್ಮ ಊರಿನ ಹಿತ್ತಲಲ್ಲಿ ಮರದ ಬುಡಕ್ಕೆ ಸಾಲುಗಟ್ಟುವ ದೊಡ್ಡ ಕರಿಯ ಗೊದ್ದವನ್ನು ಕಾಣದವರು ವಿರಳ. ವಿಜ್ಞಾನಿಗಳು ಅದನ್ನು ಕ್ಯಾಂಪೊನೋಟಸ್ ಎಂಬ ಕುಲಕ್ಕೆ ಸೇರಿಸಿದ್ದಾರೆ. ಈ ಕುಲದ ಕೆಲವು ಇರುವೆಗಳು ಮರ ಕೊರೆದು ಗೂಡು ಮಾಡುವುದರಿಂದ ಕುಲಕ್ಕೆಲ್ಲ 'ಬಡಗಿ ಇರುವೆ' ಎಂಬ ಹೆಸರು ಬಂದಿದೆ. ನಮ್ಮ ಗೊದ್ದ ಮಾತ್ರ ಮಣ್ಣಿನಲ್ಲಿಯೇ ವಾಸಿಸುತ್ತದೆ.

ಗೊದ್ದದ ದೂರದ ನೆಂಟನೊಬ್ಬ ಆಗ್ನೇಯ ಏಷ್ಯದ ಮಳೆಕಾಡುಗಳಲ್ಲಿದ್ದಾನೆ. ಹೆಸರು ಗೈಗಸ್, ಎಂದರೆ ದೈತ್ಯ. ಇದರ ದೊಡ್ಡ ಆಳುಗಳು ಸುಮಾರು 28 ಮಿಲಿಮೀಟರ್ ಉದ್ದವಿರುತ್ತವೆ. ಒಂದೇ ಸಂಸಾರ ಹಲವು ಗೂಡುಗಳಲ್ಲಿ ಹಂಚಿಕೊಂಡು ನೆಲದೊಳಗೆ ಬಾಳುತ್ತದೆ. ಕತ್ತಲಾದೊಡನೆ ಆಳುಗಳು ಎತ್ತರದ ಮರಗಳನ್ನೇರಿ, ಸಸ್ಯರಸ ಹೀರುವ ಕೀಟಗಳು ಸ್ರವಿಸುವ ಸಿಹಿ ದ್ರವವನ್ನು ಹೊತ್ತು ತರುತ್ತವೆ.

ಈ ಇರುವೆಯ ಹೆಸರಿನ ಕಥೆ ಸ್ವಾರಸ್ಯವಾಗಿದೆ. 1802ರಲ್ಲಿ ಫ್ರಾನ್ಸಿನ ಲಾತ್ರೇಯ್ ಇದನ್ನು ಫಾರ್ಮಿಕ ಕುಲದಲ್ಲಿ ವರ್ಣಿಸಿದನು. 1861ರಲ್ಲಿ ಮೇಯರ್ ಎಂಬಾತನು ಕ್ಯಾಂಪೊನೋಟಸ್ ಕುಲವನ್ನು ಸ್ಥಾಪಿಸಿದ ಮೇಲೆ ಗೈಗಸ್ ಅಲ್ಲಿಗೆ ಬಂದಿತು. 1887ರಲ್ಲಿ ಇಟಲಿಯ ಎಮರಿ ಬೋರ್ನಿಯೋ ದ್ವೀಪದ ಇರುವೆಗಳಿಗೆ ಬೋರ್ನಿಯೆನ್ಸಿಸ್ ಎಂಬ ಪ್ರತ್ಯೇಕ ಹೆಸರಿಟ್ಟನು. ಕೊನೆಗೆ 2016ರಲ್ಲಿ ವಾರ್ಡ್, ಬ್ಲೇಮರ್, ಫಿಶರ್ ಎಂಬ ಮೂವರು ಡಿ.ಎನ್.ಎ. ಪರೀಕ್ಷೆಯ ಆಧಾರದಿಂದ ಗೈಗಸ್ ಇರುವೆಯನ್ನು ಡೈನೊಮಿರ್ಮೆಕ್ಸ್ ಎಂಬ ಬೇರೆ ಕುಲಕ್ಕೆ ಸೇರಿಸಿದರು. ಆ ಕುಲದಲ್ಲಿರುವುದು ಇದೊಂದೇ ಪ್ರಭೇದ.

ಗಿರಣಿಯ ದಾಸ್ತಾನು ಪುಸ್ತಕದಲ್ಲಿ ಮಾಲನ್ನು ಒಂದು ಪುಟದಿಂದ ಇನ್ನೊಂದಕ್ಕೆ ವರ್ಗಾಯಿಸಿದರೆ ಮಾಲು ಬದಲಾಗುವುದಿಲ್ಲ. ಆದರೆ ಹಳೆಯ ಪುಟದ ಗುರುತು ಇರದಿದ್ದರೆ ಲೆಕ್ಕ ಎರಡಾಗುತ್ತದೆ. ಹಳೆಯ ಗ್ರಂಥದ ಕ್ಯಾಂಪೊನೋಟಸ್ ಗೈಗಸ್, ಹೊಸ ಗ್ರಂಥದ ಡೈನೊಮಿರ್ಮೆಕ್ಸ್ ಗೈಗಸ್ ಎರಡೂ ಒಂದೇ ಇರುವೆಯೆಂದು ವಾಚಕರು ನೆನಪಿಡಬೇಕು.

ಈಗ ಇದರಲ್ಲಿ ಎರಡು ಉಪಪ್ರಭೇದಗಳು. ಒಂದೇ ಪ್ರಭೇದದ ಜೀವಿಗಳು ಬೇರೆ ಬೇರೆ ನೆಲೆಗಳಲ್ಲಿ ಉಳಿದು ಅಲ್ಪ ಸ್ವಲ್ಪ ಭೇದ ತೋರಿದರೆ ಅವು ಉಪಪ್ರಭೇದಗಳೆನಿಸುತ್ತವೆ. ಮೊದಲು ವರ್ಣಿತವಾದುದಕ್ಕೆ ಪ್ರಭೇದದ ಹೆಸರನ್ನೇ ಮತ್ತೊಮ್ಮೆ ಸೇರಿಸಿ 'ಗೈಗಸ್ ಗೈಗಸ್' ಎನ್ನುವುದು ಪದ್ಧತಿ. ಇದು ಮಲಯ ಪರ್ಯಾಯದ್ವೀಪ, ಸುಮಾತ್ರಾಗಳಲ್ಲಿದೆ; 'ಗೈಗಸ್ ಬೋರ್ನಿಯೆನ್ಸಿಸ್' ಬೋರ್ನಿಯೋದಲ್ಲಿದೆ. ನಡುವೆ ಇರುವುದು ಆಳವಿಲ್ಲದ ಸಮುದ್ರ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದಲ್ಲಿ ನೀರು ತಗ್ಗಿದ್ದಾಗ, ಅದು ಒಣನೆಲವಾಗಿದ್ದಿತು.

ಬೋರ್ನಿಯೋದ ತಗ್ಗುನಾಡಿನ ಕಾಡು ಮರದ ವ್ಯಾಪಾರಕ್ಕೂ ತಾಳೆಎಣ್ಣೆಯ ತೋಟಗಳಿಗೂ ಬಹುಪಾಲು ಬಲಿಯಾಗಿದೆ. ಅಲ್ಲಿಯ ಇರುವೆ ಅಳಿದರೆ ಸುಮಾತ್ರಾದ ಇರುವೆ ಅದರ ಸ್ಥಾನ ತುಂಬಲಾರದು. ಆ ನಷ್ಟವನ್ನು ಗುರುತಿಸಲು ನಮಗಿರುವುದು ಕೊನೆಯ ಆ ಮೂರನೆಯ ಹೆಸರೊಂದೇ.