ವಿಮಾ ಕಂಪೆನಿಯೆದುರು ಪಾಲಿಸಿದಾರರ ಪರ ಮಾತನಾಡುವವರು ಯಾರು?

ಗದಗ ಜಿಲ್ಲೆಯ ಬೆಟಗೇರಿ ನೇಕಾರರ ಊರು. ಮನೆಯಲ್ಲೇ ಮಗ್ಗ ಇಟ್ಟುಕೊಂಡವರಿಗೆ ಒಂದು ಬೆಂಕಿ ಅನಾಹುತವಾದರೆ ಮನೆ, ಮಗ್ಗ, ನೂಲು, ನೇಯ್ದಿಟ್ಟ ಸೀರೆ ಎಲ್ಲವೂ ಒಟ್ಟಿಗೆ ಹೋಗುತ್ತವೆ. ವಿಮೆ ಇದೆ ಎಂಬ ಧೈರ್ಯವೇನೋ ಇರುತ್ತದೆ. ಆದರೆ ನಷ್ಟವನ್ನು ಅಳೆಯಲು ಬರುವ ಸರ್ವೇಯರ್ ಅನ್ನು ನೇಮಿಸುವುದೂ, ಅವರಿಗೆ ಶುಲ್ಕ ಕೊಡುವುದೂ ವಿಮಾ ಕಂಪೆನಿಯೇ. ಹಾಗಾದರೆ ಪಾಲಿಸಿದಾರರ ಪರವಾಗಿ ಲೆಕ್ಕ ಹಾಕುವವರು ಯಾರು?

ಅಮೆರಿಕದಲ್ಲಿ ಇದಕ್ಕೆಂದೇ 'ಪಬ್ಲಿಕ್ ಅಡ್ಜಸ್ಟರ್' ಎಂಬ ಪರವಾನಗಿ ಪಡೆದ ವೃತ್ತಿಪರರಿದ್ದಾರೆ. ಬ್ರಿಟನ್ನಿನಲ್ಲಿ ಅವರನ್ನು 'ಲಾಸ್ ಅಸೆಸರ್' ಎನ್ನುತ್ತಾರೆ. ಇವರು ಸ್ವತಂತ್ರವಾಗಿ ನಷ್ಟದ ಪಟ್ಟಿ ತಯಾರಿಸಿ, ಪಾಲಿಸಿದಾರರ ಪರ ಕಂಪೆನಿಯೊಡನೆ ಮಾತುಕತೆ ನಡೆಸಿ, ಸಾಮಾನ್ಯವಾಗಿ ಪರಿಹಾರದ ಮೊತ್ತದಲ್ಲಿ ಶೇಕಡಾವಾರು ಶುಲ್ಕ ಪಡೆಯುತ್ತಾರೆ. ನಮ್ಮ ದೇಶದಲ್ಲಿ ಇಂತಹ ಪ್ರತ್ಯೇಕ ಪರವಾನಗಿ ವ್ಯವಸ್ಥೆ ಇಲ್ಲ. ಆದ್ದರಿಂದ ಆ ಕೆಲಸವನ್ನು ಪಾಲಿಸಿದಾರರು ತಮ್ಮವರ ನೆರವಿನಿಂದ ತಾವೇ ಮಾಡಿಕೊಳ್ಳಬೇಕಾಗಿದೆ.

ಸರ್ವೇಯರ್ ವರದಿಯೇ ಕೊನೆಯ ಮಾತಲ್ಲ

ಸರ್ವೇಯರ್ ವರದಿ ಅಂತಿಮವೂ ಅಲ್ಲ, ಪ್ರಶ್ನಾತೀತವೂ ಅಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ವರದಿಯ ಪ್ರತಿಯನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಒಪ್ಪಿಗೆಯಾಗದ ಅಂಶಗಳಿಗೆ ಬಿಲ್ಲು, ಫೋಟೋ, ದಾಸ್ತಾನು ಪುಸ್ತಕಗಳ ಸಮೇತ ಉತ್ತರ ಬರೆಯಿರಿ.

ಪರಿಹಾರ ಕಡಿಮೆಯಾಗಲು ಒಂದು ಕಾರಣ 'ಕಡಿಮೆ ವಿಮೆ'. 10 ಲಕ್ಷ ರೂಪಾಯಿ ಬೆಲೆಯ ಸೊತ್ತಿಗೆ 5 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದ್ದರೆ, 2 ಲಕ್ಷದ ನಷ್ಟಕ್ಕೆ ಸಾಮಾನ್ಯ ನಿಯಮದಂತೆ 1 ಲಕ್ಷವಷ್ಟೇ ಸಿಗುತ್ತದೆ. ಏಪ್ರಿಲ್ 2021ರಿಂದ ಜಾರಿಗೆ ಬಂದ 'ಭಾರತ್ ಗೃಹ ರಕ್ಷಾ' ಮನೆ ಪಾಲಿಸಿಯಲ್ಲಿ ಈ ಕಡಿತವಿಲ್ಲ. ಸಣ್ಣ ಉದ್ದಿಮೆಗಳ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಪಾಲಿಸಿಯಲ್ಲಿ ಶೇ. 15ರವರೆಗಿನ ಕೊರತೆಗೆ ವಿನಾಯಿತಿ ಇದೆ. ನಿಮ್ಮದು ಯಾವ ಪಾಲಿಸಿ ಎಂದು ಮೊದಲು ನೋಡಿಕೊಳ್ಳಿ.

'ಪೂರ್ಣ ಮತ್ತು ಅಂತಿಮ' ಎಂದು ಬರೆದ ವೋಚರಿಗೆ ಓದದೆ ಸಹಿ ಹಾಕಬೇಡಿ. ಮೋಸದಿಂದ ಅಥವಾ ಒತ್ತಡ ಹೇರಿ ಸಹಿ ಪಡೆದಿದ್ದರೆ ಆ ಸಹಿಯೊಂದೇ ಹಕ್ಕನ್ನು ಕಸಿಯುವುದಿಲ್ಲ ಎಂದು 1999ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ ನಿಜ. ಆದರೆ ಆ ಒತ್ತಡವನ್ನು ಸಾಬೀತುಪಡಿಸುವ ಹೊರೆ ಪಾಲಿಸಿದಾರರದೇ.

ದೂರಿನ ಮೆಟ್ಟಿಲುಗಳು

1. ಮೊದಲು ಕಂಪೆನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ವಿಮಾ ನಿಯಂತ್ರಣ ಪ್ರಾಧಿಕಾರದ 'ಬಿಮಾ ಭರೋಸಾ' ವ್ಯವಸ್ಥೆಯಲ್ಲಿಯೂ (ದೂರವಾಣಿ 155255) ದೂರು ದಾಖಲಿಸಬಹುದು.

2. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ದೂರು ಸಲ್ಲಿಸಬಹುದು. ಶುಲ್ಕವಿಲ್ಲ. 50 ಲಕ್ಷ ರೂಪಾಯಿವರೆಗೆ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ಅವರ ತೀರ್ಪಿಗೆ ಕಂಪೆನಿ ಬದ್ಧ. ಪಾಲಿಸಿದಾರರಿಗೆ ಒಪ್ಪಿಗೆಯಾಗದಿದ್ದರೆ ಮುಂದೆ ಹೋಗುವ ದಾರಿ ತೆರೆದಿರುತ್ತದೆ.

3. ಗದಗದಲ್ಲಿರುವ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು. ಆದರೆ ಆಯೋಗದಲ್ಲಿ ಪ್ರಕರಣ ನಡೆಯುತ್ತಿರುವಾಗ ಅದೇ ವಿಷಯವನ್ನು ಒಂಬುಡ್ಸ್‌ಮನ್ ಕೈಗೆತ್ತಿಕೊಳ್ಳುವುದಿಲ್ಲ. ಆದ್ದರಿಂದ ಖರ್ಚಿಲ್ಲದ ಮೆಟ್ಟಿಲನ್ನು ಮೊದಲು ಹತ್ತುವುದು ಜಾಣತನ.

ರೈತರಿಗೆ 72 ಗಂಟೆ

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಭಾಗದ ರೈತರ ಬೆಳೆ ವಿಮೆಯ ದಾರಿ ಬೇರೆ. 2016ರ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ವ್ಯಾಪಕ ನಷ್ಟವನ್ನು ಇಡೀ ಪ್ರದೇಶದ ಬೆಳೆ ಕಟಾವು ಪ್ರಯೋಗದಿಂದ ಅಳೆಯುತ್ತಾರೆ. ಆದರೆ ಆಲಿಕಲ್ಲು ಮಳೆಯ ಹಾನಿಯನ್ನೂ, ಕೊಯ್ದು ಹೊಲದಲ್ಲಿ ಒಣಗಲು ಹಾಕಿದ ಬೆಳೆ 14 ದಿನದೊಳಗೆ ಅಕಾಲಿಕ ಮಳೆಗೆ ಸಿಕ್ಕ ಹಾನಿಯನ್ನೂ ಹೊಲವಾರು ನೋಡುತ್ತಾರೆ. ಅದಕ್ಕೆ 72 ಗಂಟೆಯೊಳಗೆ ಸುದ್ದಿ ಮುಟ್ಟಿಸಲೇಬೇಕು. ಸಹಾಯವಾಣಿ 14447.

ನಾವು ಮಾಡಬಹುದಾದದ್ದು

ಒಂಬುಡ್ಸ್‌ಮನ್ ಮುಂದೆ ವಕೀಲರಿಗೂ ಏಜೆಂಟರಿಗೂ ಅವಕಾಶವಿಲ್ಲ. ನೊಂದವರೇ ಮಾತನಾಡಬೇಕು. 'ನಾವು ಹಣ ಕೊಡಿಸುತ್ತೇವೆ, ಇಷ್ಟು ಪಾಲು ಕೊಡಿ' ಎನ್ನುವವರ ಬಗ್ಗೆ ಎಚ್ಚರವಿರಲಿ. ಆದರೆ ಕಾಗದಪತ್ರ ಜೋಡಿಸಿಕೊಡಲು, ಅರ್ಜಿ ಬರೆದುಕೊಡಲು, ದಿನಾಂಕ ನೆನಪಿಸಲು ಯಾವ ಅಡ್ಡಿಯೂ ಇಲ್ಲ. ಗ್ರಾಹಕರ ಆಯೋಗದಲ್ಲಾದರೆ, 2019ರ ಕಾಯಿದೆಯ ಪ್ರಕಾರ ನೋಂದಾಯಿತ ಸ್ವಯಂಸೇವಾ ಗ್ರಾಹಕರ ಸಂಘವೇ ದೂರುದಾರನಾಗಬಹುದು.

ಒಗ್ಗಟ್ಟಿನ ಬಲ ಗದಗ ಸೀಮೆಗೆ ಹೊಸದಲ್ಲ. 1905ರಲ್ಲಿ ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳತ್ವದಲ್ಲಿ ರೈತರ ಸಹಕಾರಿ ಪತ್ತಿನ ಸಂಘ ಹುಟ್ಟಿತು. ಒಬ್ಬೊಬ್ಬರಾಗಿ ಸಾಹುಕಾರನ ಮುಂದೆ ನಿಲ್ಲಲಾಗದವರು ಒಂದಾಗಿ ನಿಂತರು.

ಧರ್ಮಕೇಂದ್ರದ ಸ್ವಸಹಾಯ ಸಂಘಗಳಲ್ಲಿ ಅಕ್ಷರ ಬಲ್ಲ ಇಬ್ಬರು ಮೂವರು ಇಷ್ಟನ್ನು ಕಲಿತುಕೊಂಡರೆ ಸಾಕು. ಕರಾವಳಿಯ ಮೀನುಗಾರರ ಮನೆಗೂ, ಬೆಟಗೇರಿಯ ನೇಕಾರರ ಮನೆಗೂ ಅದೊಂದು ದೊಡ್ಡ ಉಪಕಾರ. ಮೊದಲ ಹೆಜ್ಜೆಯಾಗಿ ಈ ವಾರವೇ ಮನೆಯಲ್ಲಿರುವ ಪಾಲಿಸಿಗಳನ್ನು ಹೊರತೆಗೆದು, ಮೊತ್ತ, ಅವಧಿ, ನಾಮಿನಿಯ ಹೆಸರು ಸರಿಯಿದೆಯೇ ಎಂದು ಪರಿಶೀಲಿಸಿ.