ಮಕ್ಕಳ ಕೈಗೆ ಮದ್ಯದ ಪಾಕೀಟು ಕೊಡಬೇಡಿ



ಶೇಂಗಾ ಕಿತ್ತು ಮಾರಿದ ಮೇಲೆ ನಮ್ಮ ಕೈಯಲ್ಲಿ ನಾಲ್ಕು ಕಾಸು ಆಡುತ್ತದೆ. ಮದುವೆ, ಜಾತ್ರೆ, ನೆಂಟರ ಊಟ ಬರುತ್ತವೆ. ರಾಯದುರ್ಗ, ಮಡಕಶಿರಾ ಕಡೆಯ ನಮ್ಮ ಹಳ್ಳಿಗಳಲ್ಲಿ ಹುಡುಗರಿಗೆ ಮೊದಲ ಗುಟುಕು ಸಿಗುವುದು ಎಷ್ಟೋ ಸಲ ಇಂಥ ದಿನಗಳಲ್ಲೇ. ಕೊಡುವವರು ಹೊರಗಿನವರಲ್ಲ. “ಸ್ವಲ್ಪ ಕುಡಿಯೋ, ಗಂಡಸಲ್ಲವೇನೋ?” ಎನ್ನುವ ಮಾವನೋ ಚಿಕ್ಕಪ್ಪನೋ ಕೊಡುತ್ತಾರೆ.

ಕಾನೂನು ಏನು ಹೇಳುತ್ತದೆ? ಆಂಧ್ರಪ್ರದೇಶದಲ್ಲಿ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. ಗಡಿಯಾಚೆ ಪಾವಗಡ, ಬಳ್ಳಾರಿಗಳಲ್ಲೂ ಮದ್ಯದಂಗಡಿಯ ನಿಯಮ 21 ವರ್ಷವೇ. ಇದನ್ನು 18ಕ್ಕೆ ಇಳಿಸಲು ಕರ್ನಾಟಕ ಸರ್ಕಾರ 2023ರಲ್ಲಿ ಕರಡು ಹೊರಡಿಸಿತ್ತು. ಜನ ವಿರೋಧಿಸಿದಾಗ ಕೈಬಿಟ್ಟಿತು.

ಆದರೆ ಕಾನೂನು ಅಂಗಡಿಯವನನ್ನು ಮಾತ್ರ ಹಿಡಿಯುತ್ತದೆ ಎಂದುಕೊಳ್ಳಬೇಡಿ. 2015ರ ಬಾಲನ್ಯಾಯ ಕಾಯಿದೆಯ 77ನೇ ಕಲಮಿನಂತೆ, ವೈದ್ಯರ ಸಲಹೆಯಿಲ್ಲದೆ 18 ವರ್ಷದೊಳಗಿನ ಮಗುವಿಗೆ ಮದ್ಯ ಕೊಟ್ಟವರಿಗೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ ಉಂಟು. ಮಗುವಿನ ಕೈಯಲ್ಲಿ ಮದ್ಯ ಹೊರಿಸುವುದು, ಮಾರಿಸುವುದು, ಸಾಗಿಸುವುದು 78ನೇ ಕಲಮಿನ ಅಪರಾಧ. ಶಿಕ್ಷೆ ಅಷ್ಟೇ. ಗಡಿಯಾಚೆಯಿಂದ ಪಾಕೀಟು ತರಲು ಹುಡುಗರನ್ನು ಬೈಕಿನಲ್ಲಿ ಓಡಿಸುವವರು ಇದನ್ನು ತಿಳಿದಿರಲಿ.

ವಯಸ್ಸಿನ ಮಿತಿ ಸುಮ್ಮನೆ ಇಟ್ಟದ್ದಲ್ಲ. ಮನುಷ್ಯನ ಮೆದುಳು ಸುಮಾರು 25ರವರೆಗೂ ಬೆಳೆಯುತ್ತಿರುತ್ತದೆ. ಮುಂದಾಲೋಚನೆ, ಹಿಡಿತ ಕೊಡುವ ಭಾಗ ಕೊನೆಗೆ ಬಲಿಯುತ್ತದೆ. ಎಳೆಯದರಲ್ಲೇ ಕುಡಿಯಲು ತೊಡಗಿದವರಿಗೆ ಚಟ ಅಂಟುವ ಸಂಭವ ಹೆಚ್ಚು. ಹೊಲಕ್ಕೆ ಔಷಧಿ ಹೊಡೆದ ದಿನ ಕುಡಿಯುವುದು ಇನ್ನೂ ಅಪಾಯ. ವಿಷ ಮೈಗೇರಿ ತಲೆ ಸುತ್ತಿ ವಾಂತಿಯಾದರೂ, “ಕುಡಿದಿದ್ದಾನೆ, ಮಲಗಲಿ” ಎಂದು ಮನೆಯವರು ಬಿಟ್ಟುಬಿಡುತ್ತಾರೆ.

ಕಾನೂನು ಒಂದರಿಂದಲೇ ಎಲ್ಲ ಆಗದು ಎಂಬುದನ್ನೂ ನಾವು ಕಂಡಿದ್ದೇವೆ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾರಾಯಿಯ ವಿರುದ್ಧ ಎದ್ದು ನಿಂತರು. 1993ರಲ್ಲಿ ಸಾರಾಯಿ ನಿಂತಿತು. 1995ರ ಜನವರಿಯಲ್ಲಿ ಪೂರ್ಣ ಪಾನನಿಷೇಧವೇ ಬಂತು. 1997ರಲ್ಲಿ ಅದು ಸಡಿಲವಾಯಿತು. ಸರ್ಕಾರದ ನಿಯಮ ಬದಲಾಗಬಹುದು. ಮನೆಯ ನಿಯಮ ನಮ್ಮ ಕೈಯಲ್ಲಿದೆ.

ಆದ್ದರಿಂದ ನಾವು ಮಾಡಬಹುದಾದದ್ದು:

1. ಮಗನನ್ನು ಮದ್ಯದಂಗಡಿಗೆ ಕಳಿಸಬಾರದು.

2. ಮದುವೆ, ಹಬ್ಬದ ಊಟದಲ್ಲಿ ಹುಡುಗರಿಗೆ ಲೋಟ ಕೊಡುವವರನ್ನು ಹಿರಿಯರು ಅಲ್ಲೇ ತಡೆಯಬೇಕು.

3. 18 ತುಂಬದವನಿಗೆ ಬೈಕ್ ಕೊಡಬಾರದು. ಅಪ್ರಾಪ್ತನು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸಜೆ ಉಂಟು.

4. ಚಟ ಹತ್ತಿದ್ದರೆ ಬೈದು ಹೊಡೆದು ಫಲವಿಲ್ಲ. 14446ಕ್ಕೆ ಫೋನ್ ಮಾಡಿ ಸಲಹೆ ಕೇಳಿ; ಹಣ ಕೊಡಬೇಕಿಲ್ಲ. ದಿನವೂ ಕುಡಿಯುವವರು ಥಟ್ಟನೆ ಬಿಟ್ಟರೆ ನಡುಕ, ಫಿಟ್ಸ್ ಬರಬಹುದು. ವೈದ್ಯರನ್ನು ಕಂಡೇ ಬಿಡಿಸಬೇಕು.

ಬಿತ್ತನೆಯ ಬೀಜವನ್ನು ಹುಳು ಹಿಡಿಯದಂತೆ ವರ್ಷವೆಲ್ಲ ಕಾಯುತ್ತೇವೆ. ಮಕ್ಕಳನ್ನು ಅದಕ್ಕಿಂತ ಕಡಿಮೆ ಕಾಯಬಹುದೇ?